ಬೇಲಿಯಾಚೆಯವರ ಜೊತೆ ಫುಟ್‌ಬಾಲ್ ಜಗಳ

ಅರಳಸುರಳಿಯಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ, ಫುಟ್‌ಬಾಲಿಗಾಗಿ ಜಗಳ ಆಡುವವರು ಜಾಸ್ತಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಕಬಡ್ಡಿ, ಖೋ ಖೋ, ವಾಲಿಬಾಲ್ ಎಂದರೆ ಹುಡುಗರು ಕರೆಯದೆ ಬಂದು ನಿಲ್ಲುತ್ತಿದ್ದರು. ಫುಟ್‌ಬಾಲ್ ಮಾತ್ರ ಸ್ಪೋರ್ಟ್ಸ್ ರೂಮಿನ ಮೂಲೆಯಲ್ಲಿ ಗಾಳಿ ಹೋಗಿ ಬಿದ್ದಿರುತ್ತಿತ್ತು. ನಮ್ಮ ಮಳೆಗೆ ಶಾಲೆಯ ಮೈದಾನ ವರ್ಷದ ಅರ್ಧ ಕೆಸರು. ಅದು ಒಣಗಿ ಕಾಲಿಡುವ ಹಾಗಾಗುವ ಹೊತ್ತಿಗೆ ತಾಲ್ಲೂಕು ಮಟ್ಟದ ಪಂದ್ಯಗಳೇ ಮುಗಿದಿರುತ್ತಿದ್ದವು. ಅಂಥ ಊರಿನಲ್ಲಿ ಈಗ ಅಡಿಕೆ ಸುಲಿಯುವ ಕಾಲ ಬಂತೆಂದರೆ ನೀಲಿ, ಹಳದಿ ಅಂತ ಎರಡು ಪಕ್ಷ.

ನೀಲಿ ಎಂದರೆ ಬೆಂಗಳೂರು ಎಫ್‌ಸಿ. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಮಕ್ಕಳು ಊರಿಗೆ ತಂದ ಬಣ್ಣ ಅದು. ಹಳದಿ ಎಂದರೆ ಕೇರಳ ಬ್ಲಾಸ್ಟರ್ಸ್. ಅದು ಬಂದದ್ದು ಶುಂಠಿ ಮತ್ತು ರಬ್ಬರಿನ ಜೊತೆಗೆ. ಗದ್ದೆ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರು, ರಬ್ಬರ್ ಹಾಕಿ ಇಲ್ಲೇ ನೆಲೆಯೂರಿದ ಕುಟುಂಬಗಳು ನಮ್ಮ ಮೂರೂ ತಾಲ್ಲೂಕುಗಳಲ್ಲಿವೆ. ನಮ್ಮ ಮನೆಯ ಬೇಲಿಯಾಚೆಯ ಗದ್ದೆಯನ್ನು ಹಿಡಿದವರು ವಯನಾಡಿನವರು. ನನಗಿಂತ ಕಿರಿಯರು, ನನ್ನನ್ನು ‘ಮಾಷೇ’ ಎಂದೇ ಕರೆಯುವುದು. ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಕಂಠೀರವ ಸ್ಟೇಡಿಯಮ್ಮಿನ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಗುಂಪಿನ ಜೊತೆ ನಿಂತು ಗಂಟಲು ಕಟ್ಟುವವರೆಗೆ ಕೂಗುವವಳು. ಇವರಿಬ್ಬರ ನಡುವೆ ಪಂಚಾಯ್ತಿ ಮಾಡುವ ಕೆಲಸ ನಿವೃತ್ತ ಮೇಷ್ಟ್ರ ಪಾಲಿಗೆ ಬಂದಿದೆ.

ಜಗಳಕ್ಕೆ ನೆಪ ನೂರಿದ್ದರೂ ಸುತ್ತಿ ಬಳಸಿ ಅದು ಬಂದು ನಿಲ್ಲುವುದು ಒಂದೇ ದಿನಾಂಕಕ್ಕೆ: 2023ರ ಮಾರ್ಚ್ 3, ಶುಕ್ರವಾರ. ಇಂಡಿಯನ್ ಸೂಪರ್ ಲೀಗಿನ ಪ್ಲೇಆಫ್ ಪಂದ್ಯ, ಜಾಗ ಕಂಠೀರವ. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. ತೊಂಬತ್ತು ನಿಮಿಷ ಮುಗಿದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕೇರಳದ ಪೆನಾಲ್ಟಿ ಚೌಕದ ಹೊರಗೆ ಬೆಂಗಳೂರಿಗೊಂದು ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಗೋಲಿನಿಂದ ಮುಂದೆ ಬಂದು ಚೆಂಡಿಗೆ ಅಡ್ಡಲಾಗಿ ತಮ್ಮ ಆಟಗಾರರ ‘ಗೋಡೆ’ ನಿಲ್ಲಿಸುವ ಗಡಿಬಿಡಿಯಲ್ಲಿದ್ದರು. ಬೆಂಗಳೂರಿನ ಸುನಿಲ್ ಛೆಟ್ರಿ ಕಾಯಲಿಲ್ಲ. ಮೆಲ್ಲಗೆ ಚೆಂಡನ್ನು ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಆಟಗಾರರು ಸುತ್ತುವರಿದರು, ವಾದ ಮಾಡಿದರು. ಆಮೇಲೆ ಅವರ ಕೋಚ್, ಸರ್ಬಿಯಾದ ಇವಾನ್ ವುಕೊಮನೊವಿಚ್, ಇಡೀ ತಂಡವನ್ನು ಮೈದಾನದಿಂದ ಆಚೆ ಕರೆದುಕೊಂಡು ಹೋದರು. ಅವರು ವಾಪಸ್ ಬರಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಕಾದು, ಪಂದ್ಯ ಬೆಂಗಳೂರಿನದು ಎಂದು ಘೋಷಿಸಿದರು.

ನಮ್ಮ ಜಗುಲಿಯಲ್ಲಿ ಅವತ್ತು ಎದ್ದ ಮೊದಲ ಕೂಗು ‘ಮಾಷೇ, ವಿಸಿಲ್ ಊದಿಲ್ಲ!’ ಎಂಬುದು. ಊದಬೇಕಾಗಿಲ್ಲ ಎಂದೆ. ನಾನು ಬೆಂಗಳೂರಿನ ಪಕ್ಷ ಎಂದು ಅವರು ಒಂದು ವಾರ ಮಾತು ಬಿಟ್ಟರು.

ಆದ್ದರಿಂದ ಈ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫುಟ್‌ಬಾಲಿನ ನಿಯಮ ಪುಸ್ತಕದಲ್ಲಿ ಫ್ರೀ ಕಿಕ್ಕಿಗೆ ಮೀಸಲಾದದ್ದು 13ನೇ ನಿಯಮ. ಎದುರಾಳಿ ತಪ್ಪು ಮಾಡಿದ್ದಕ್ಕೆ ಸಿಗುವ ಅನುಕೂಲ ಅದು. ಚೆಂಡು ಅಲ್ಲಾಡದೆ ನಿಂತಿರಬೇಕು. ಎದುರಾಳಿಗಳು 9.15 ಮೀಟರ್ ದೂರ ಸರಿಯಬೇಕು. ಅವರು ಸರಿಯುವ ತನಕ ಕಾಯುವುದು ಬಿಡುವುದು ಒದೆಯುವವನಿಗೆ ಬಿಟ್ಟದ್ದು. ಬೇಡ, ಈಗಲೇ ಒದೆಯುತ್ತೇನೆ ಎಂದರೆ ಒದೆಯಬಹುದು, ವಿಸಿಲ್ ಬೇಕಿಲ್ಲ. ಇದರ ಹಿಂದೆ ನ್ಯಾಯವಿದೆ. ತಪ್ಪು ಮಾಡಿದವನಿಗೆ ಸಾವಧಾನವಾಗಿ ಗೋಡೆ ಕಟ್ಟಿಕೊಳ್ಳಲು ಸಮಯ ಕೊಟ್ಟರೆ ತಪ್ಪಿನಿಂದ ಅವನಿಗೇ ಲಾಭವಾದ ಹಾಗಾಯಿತಲ್ಲ. ಬೇಗ ಒದೆಯುವುದನ್ನು ಬೇಕೆಂದೇ ತಡೆದವನಿಗೆ ಹಳದಿ ಕಾರ್ಡ್ ತೋರಿಸಬೇಕೆಂದೂ ಅದೇ ನಿಯಮ ಹೇಳುತ್ತದೆ.

ಆದರೆ ವಿಸಿಲ್ ಕಡ್ಡಾಯವಾಗುವ ಸಂದರ್ಭಗಳೂ ಇವೆ. ರೆಫರಿ ಕಾರ್ಡ್ ತೋರಿಸಲು ಆಟ ನಿಲ್ಲಿಸಿದ್ದರೆ, ಗಾಯಕ್ಕೋ ಬದಲಿ ಆಟಗಾರನಿಗೋ ನಿಲ್ಲಿಸಿದ್ದರೆ, ಅಥವಾ 9.15 ಮೀಟರ್ ಅಳೆದು ಗೋಡೆಯನ್ನು ಹಿಂದೆ ಸರಿಸಲು ತಾನೇ ಮುಂದಾಗಿದ್ದರೆ, ಆಮೇಲೆ ವಿಸಿಲ್ ಇಲ್ಲದೆ ಚೆಂಡು ಮುಟ್ಟುವಂತಿಲ್ಲ. ಕೇರಳದವರ ವಾದ ಈ ಕೊನೆಯದರ ಮೇಲೆ ನಿಂತಿದೆ: ರೆಫರಿ ನಮ್ಮವರನ್ನು ಹಿಂದೆ ಕಳಿಸುತ್ತಿದ್ದರು, ಅಂದಮೇಲೆ ವಿಸಿಲ್‌ಗೆ ಕಾಯುವುದು ಸಹಜ. ಛೆಟ್ರಿ ಪಂದ್ಯದ ಬಳಿಕ ಹೇಳಿದ್ದು, ನನಗೆ ಗೋಡೆಯೂ ಬೇಡ, ವಿಸಿಲ್ಲೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದೆ ಎಂದು. ಕೇರಳದ ಆಡ್ರಿಯನ್ ಲೂನಾ ಚೆಂಡಿನ ಮುಂದೆಯೇ ನಿಂತಿದ್ದರಲ್ಲ, ಬೇಗ ಒದೆಯುತ್ತಾರೆಂಬ ಅನುಮಾನ ಇಲ್ಲದಿದ್ದರೆ ಅಲ್ಲಿ ನಿಲ್ಲುವ ಕೆಲಸವೇನಿತ್ತು ಎಂಬುದು ನನ್ನ ಮಗಳ ಪಾಟಿ ಸವಾಲು. ಅದಕ್ಕೆ ಬೇಲಿಯಾಚೆಯವರ ಹತ್ತಿರ ಇನ್ನೂ ಉತ್ತರವಿಲ್ಲ.

ವಿಸಿಲ್ ಕೊರಳಿಗೆ ಹಾಕಿಕೊಂಡೇ ಸಂಬಳ ತಿಂದವನಾಗಿ ನನ್ನ ಅಭಿಪ್ರಾಯ ಇಷ್ಟು: ಗೋಲು ಸರಿ. ರೆಫರಿ ಮಾತ್ರ ಬಾಯಲ್ಲಿ ಹೇಳಿದ್ದನ್ನು ಕೈಯಲ್ಲೂ ತೋರಿಸಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ಇನ್ನು ತಂಡವನ್ನು ಮೈದಾನದಿಂದ ಎಬ್ಬಿಸಿಕೊಂಡು ಹೋದದ್ದಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿಗೆಯಿಲ್ಲ. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಅಂಪೈರ್ ಸರಿಯಿಲ್ಲವೆಂದು ತಂಡ ಎಬ್ಬಿಸಿದ ಮೇಷ್ಟ್ರುಗಳನ್ನು ಕಂಡಿದ್ದೇನೆ. ಮಕ್ಕಳ ಮುಖ ಸಣ್ಣಗಾಗುವುದು ಬಿಟ್ಟರೆ ಅದರಿಂದ ಬೇರೇನೂ ಆಗಲಿಲ್ಲ.

ಇಲ್ಲಿಗೆ ಒಂದು ಪ್ರಶ್ನೆ ಏಳುತ್ತದೆ. ಬೆಂಗಳೂರಿಗೆ ಕೇರಳದ ಮೇಲೇ ಯಾಕೆ ಇಷ್ಟು ಕಣ್ಣು? ಕಪ್ಪುಗಳ ಲೆಕ್ಕ ಹಿಡಿದರೆ ಇವರ ನಿಜವಾದ ಎದುರಾಳಿ ಕೋಲ್ಕತ್ತಾದ ಮೋಹನ್ ಬಾಗಾನ್. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈಯಲ್ಲಿ, ಜೆಎಸ್‌ಡಬ್ಲ್ಯು ಕಂಪನಿಯ ಹಣದಿಂದ. ಆ್ಯಶ್ಲೆ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ಕೋಚ್ ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗಾಗಿದ್ದ ಐ-ಲೀಗ್ ಗೆದ್ದುಕೊಟ್ಟರು. ಮರುವರ್ಷ, 2015ರ ಮೇ 31ರಂದು, ಕಂಠೀರವದಲ್ಲಿ ಕೊನೆಯ ಪಂದ್ಯ ಮೋಹನ್ ಬಾಗಾನ್ ವಿರುದ್ಧ. ಬೆಂಗಳೂರು ಗೆದ್ದರೆ ಕಪ್ಪು ಇಲ್ಲೇ ಉಳಿಯುತ್ತಿತ್ತು. ಮುಂದಿದ್ದ ಬೆಂಗಳೂರಿಗೆ ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು 1–1 ಮಾಡಿತು, ಕಪ್ಪು ಕೋಲ್ಕತ್ತಾಕ್ಕೆ ಹೋಯಿತು. 2017ರಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್, ಅಲ್ಲಿ ಬೆಂಗಳೂರು ಸೇಡು ತೀರಿಸಿಕೊಂಡಿತು. 2023ರ ಮಾರ್ಚ್‌ನಲ್ಲಿ ಗೋವಾದ ಫಟೋರ್ಡಾದಲ್ಲಿ ಸೂಪರ್ ಲೀಗ್ ಫೈನಲ್, ಪೆನಾಲ್ಟಿಯಲ್ಲಿ ಸೋಲು. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಮತ್ತೊಂದು ಫೈನಲ್, ಹೆಚ್ಚುವರಿ ಸಮಯದಲ್ಲಿ 1–2. ಸಾಲದ್ದಕ್ಕೆ ಛೆಟ್ರಿ ದೊಡ್ಡ ಆಟ ಶುರುಮಾಡಿದ್ದೇ ಮೋಹನ್ ಬಾಗಾನ್‌ನಲ್ಲಿ, ಅವರ ಮಾವ ಸುಬ್ರತ ಭಟ್ಟಾಚಾರ್ಯ ಆ ಕ್ಲಬ್ಬಿನ ಹಳೆಯ ಹುಲಿ.

ಕೇರಳ ಬ್ಲಾಸ್ಟರ್ಸ್ ಕಥೆಯೇ ಬೇರೆ. 2014ರಲ್ಲಿ ಸಚಿನ್ ತೆಂಡೂಲ್ಕರ್ ಪಾಲುದಾರಿಕೆಯಲ್ಲಿ ಶುರುವಾದ ಕ್ಲಬ್ಬು. ಮೂರು ಸಲ ಸೂಪರ್ ಲೀಗಿನ ಫೈನಲ್ ಮುಟ್ಟಿ ಮೂರೂ ಸಲ ಸೋತಿದೆ: 2014ರಲ್ಲಿ ನವಿ ಮುಂಬೈಯಲ್ಲಿ ಕೊನೆಯ ಗಳಿಗೆಯ ಗೋಲಿಗೆ, 2016ರಲ್ಲಿ ಸ್ವಂತ ಕೊಚ್ಚಿಯಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಜನರ ಮುಂದೆ ಪೆನಾಲ್ಟಿಗೆ, 2022ರಲ್ಲಿ ಫಟೋರ್ಡಾದಲ್ಲಿ ಮತ್ತೆ ಪೆನಾಲ್ಟಿಗೆ. ಕೊಚ್ಚಿಯ ಆ ಫೈನಲ್ಲಿನಲ್ಲಿ ಕೇರಳಕ್ಕೆ ಗೋಲು ಹೊಡೆದವರು ಮೊಹಮ್ಮದ್ ರಫಿ, ಕಾಸರಗೋಡು ಜಿಲ್ಲೆಯ ತೃಕರಿಪುರದವರು. ಕಪ್ಪಿಲ್ಲದ ಈ ಕ್ಲಬ್ಬಿನ ಬಲ ಅದರ ಜನ. ‘ಮಂಜಪ್ಪಡ’ ಎಂಬ ಅವರ ಹಳದಿ ದಂಡು ಎಲ್ಲಿಗೆ ಹೋದರೂ ಆ ಊರನ್ನು ತನ್ನದು ಮಾಡಿಕೊಳ್ಳುತ್ತದೆ. ಹಾಗಾಗಿ ಇಬ್ಬರೂ ಬಲಾಢ್ಯರೇ, ಒಬ್ಬರು ಮೈದಾನದೊಳಗೆ, ಇನ್ನೊಬ್ಬರು ಗ್ಯಾಲರಿಯಲ್ಲಿ.

ಇದನ್ನೇ ಮಗಳಿಗೆ ಹೇಳಿದೆ: ನಿಮ್ಮ ಹೊಟ್ಟೆಗೆ ಬೆಂಕಿ ಹಾಕಿದ್ದು ಕೋಲ್ಕತ್ತಾದವರು, ನೀವು ಬೈಯುವುದು ಕೇರಳದವರನ್ನು, ಇದು ಯಾವ ಲೆಕ್ಕ? ‘ಅಪ್ಪಯ್ಯ, ಮೋಹನ್ ಬಾಗಾನ್ ಸೋಲಿಸಿದರೆ ಅವತ್ತು ರಾತ್ರಿ ಊಟ ಸೇರಲ್ಲ ಅಷ್ಟೆ. ಕೇರಳ ಸೋಲಿಸಿದರೆ ಸೋಮವಾರ ಆಫೀಸಿಗೆ ಹೋಗಕ್ಕಾಗಲ್ಲ’ ಎಂದಳು. ನನಗೆ ಈ ವಿಷಯದ ಬೇರು ಸಿಕ್ಕಿದ್ದು ಆ ಮಾತಿನಲ್ಲಿ.

ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಹಗೆಯನ್ನು ಲೋಕವೆಲ್ಲ ಬಲ್ಲದು. ಅದರ ಹಿಂದೆ ಕೆಟಲನ್ ನಾಡು, ಭಾಷೆ, ಸ್ಪೇನ್ ರಾಜಧಾನಿಯ ಅಧಿಕಾರ, ಫ್ರಾಂಕೊ ಆಳ್ವಿಕೆಯ ನೆನಪು ಎಲ್ಲ ಇದೆ. ನಮ್ಮ ಜಗಳಕ್ಕೆ ಅಂಥ ರಾಜಕೀಯದ ಭಾರವಿಲ್ಲ. ಇಲ್ಲಿರುವುದು ಪಕ್ಕದಲ್ಲಿ ಕೂತವನನ್ನು ಗೆಲ್ಲಬೇಕೆಂಬ ಹಟ. ಬೆಂಗಳೂರಿನಲ್ಲಿ ಮಲಯಾಳಿಗಳು ಇಲ್ಲದ ಆಫೀಸಿಲ್ಲ, ಆಸ್ಪತ್ರೆಯಿಲ್ಲ, ಬೇಕರಿ ಸಾಲಿಲ್ಲ. ಬ್ಲಾಸ್ಟರ್ಸ್ ಆಡಲು ಬಂದ ದಿನ ಅವರೆಲ್ಲ ಕಂಠೀರವಕ್ಕೆ ಬರುತ್ತಾರೆ, ರೈಲು ಬಸ್ಸು ಹತ್ತಿ ಕೇರಳದಿಂದಲೂ ಬರುತ್ತಾರೆ. ಸ್ವಂತ ಮೈದಾನದಲ್ಲಿ ನೀಲಿಯವರಿಗೆ ಎದುರು ಗ್ಯಾಲರಿ ಹಳದಿಯಾಗಿ ಕಾಣುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಕಡೆಯ ಯಕ್ಷಗಾನದ ಜೋಡಾಟದ ನೆನಪು. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಬೆಳಗಿನವರೆಗೆ ಪೈಪೋಟಿ. ಆ ಮೇಳದ ಚೆಂಡೆ ಏರಿತೆಂದರೆ ಈ ಮೇಳದ ಭಾಗವತರೂ ಏರಿಸಬೇಕು, ನೋಡುವವರು ಯಾವ ಕಡೆ ಹೆಚ್ಚು ಕೂತರು ಎಂಬುದೇ ಮಾನದ ಪ್ರಶ್ನೆ. ಜೋಡಾಟದಲ್ಲೂ ಮೇಳಗಳಿಗಿಂತ ಹೆಚ್ಚು ಕಚ್ಚಾಡುತ್ತಿದ್ದವರು ಪ್ರೇಕ್ಷಕರೇ.

ಆಡುವವರಿಗಂತೂ ಬೇಲಿ ಇಲ್ಲ. 2017ರ ಕಟಕ್ ಫೈನಲ್ಲಿನಲ್ಲಿ ಬೆಂಗಳೂರಿಗೆ ಎರಡೂ ಗೋಲು ಹೊಡೆದ ಸಿ.ಕೆ. ವಿನೀತ್ ಕಣ್ಣೂರಿನವರು, ಬ್ಲಾಸ್ಟರ್ಸ್‌ಗೂ ಆಡಿದವರು. ತೃಶೂರಿನ ರಿನೊ ಆಂಟೊ ಎರಡೂ ಅಂಗಿ ತೊಟ್ಟವರು. ಮಲಪ್ಪುರಂನ ಆಶಿಕ್ ಕುರುಣಿಯನ್ ಬೆಂಗಳೂರಿನ ಎಡ ಅಂಚಿನಲ್ಲಿ ಓಡಿದವರು. ಎಲ್ಲಕ್ಕಿಂತ ತಮಾಷೆ ಸಂದೇಶ್ ಝಿಂಗನ್ ಅವರದು: ವರ್ಷಗಟ್ಟಲೆ ಬ್ಲಾಸ್ಟರ್ಸ್ ಕಾಯ್ದ, ಅದರ ನಾಯಕನೂ ಆಗಿದ್ದ ಚಂಡೀಗಢದ ಹುಡುಗ. ಆ ಮಾರ್ಚ್ 3ರ ರಾತ್ರಿ ಅವರು ನೀಲಿ ಅಂಗಿಯಲ್ಲಿದ್ದರು. ಇನ್ನೂ ಹಿಂದೆ ಹೋದರೆ, 1950ರ ಸುಮಾರಿಗೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರು ಎನಿಸಿಕೊಂಡ ಐವರು ಮುಂಚೂಣಿ ಆಟಗಾರರಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು, ಸಾಲೆ ಕೇರಳದವರು. ಬೆಂಗಳೂರಿನ ಫುಟ್‌ಬಾಲು ಕ್ಲಬ್ಬಿನ ಜೊತೆ 2013ರಲ್ಲಿ ಹುಟ್ಟಿದ್ದಲ್ಲ ಎಂದು ನಾನು ಮಗಳಿಗೆ ಆಗಾಗ ನೆನಪಿಸುವುದುಂಟು. ದಂಡಿನ ಪ್ರದೇಶದ ಸಿಪಾಯಿಗಳು ಆಡಿದ ಆಟ ಅದು. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಬೆಳೆಯಿತು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. 1977ರಲ್ಲಿ ಮೊತ್ತಮೊದಲ ಫೆಡರೇಷನ್ ಕಪ್ ಗೆದ್ದದ್ದು ಬೆಂಗಳೂರಿನ ಐಟಿಐ ಕಾರ್ಖಾನೆಯ ತಂಡ, ಸೋತದ್ದು ಮೋಹನ್ ಬಾಗಾನ್, ಪಂದ್ಯ ನಡೆದದ್ದು ಕೊಚ್ಚಿಯ ಎರ್ನಾಕುಲಂನಲ್ಲಿ!

ಮತ್ತೆ 2023ಕ್ಕೆ ಬರೋಣ. ಮೈದಾನ ಬಿಟ್ಟಿದ್ದಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕೇರಳ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ವುಕೊಮನೊವಿಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಪಂದ್ಯ ಮತ್ತೆ ಆಡಿಸಿ ಎಂಬ ಕೇರಳದ ಬೇಡಿಕೆ ನಡೆಯಲಿಲ್ಲ, ದಂಡದ ಮೇಲಿನ ಮೇಲ್ಮನವಿಯೂ ಬಿದ್ದುಹೋಯಿತು. ಏಪ್ರಿಲ್‌ನಲ್ಲಿ ಸೂಪರ್ ಕಪ್ಪಿಗಾಗಿ ಎರಡೂ ತಂಡಗಳು ಕೋಝಿಕ್ಕೋಡಿನಲ್ಲಿ ಎದುರಾದವು. ಊರೇ ಬಂದು ಕೂತಿತ್ತು, ಆಟ 1–1ರಲ್ಲಿ ಮುಗಿಯಿತು. ಜೂನ್ ತಿಂಗಳಲ್ಲಿ ಬಂದ ಸುದ್ದಿ ಮಾತ್ರ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ದಂಡದಿಂದ ಹಣಕಾಸಿನ ತೊಂದರೆಯಾಗಿದೆ, ಆದ್ದರಿಂದ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಿದ್ದೇವೆ ಎಂದು ಬ್ಲಾಸ್ಟರ್ಸ್ ಪ್ರಕಟಿಸಿತು. ಆ ತಂಡ ಶುರುವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಕೋಪ ಬಂದದ್ದು ಗಂಡಸರಿಗೆ, ಎದ್ದು ನಡೆದದ್ದು ಗಂಡಸರು, ಕೆಲಸ ಕಳೆದುಕೊಂಡದ್ದು ಹೆಣ್ಣುಮಕ್ಕಳು. ಹೆಣ್ಣುಮಕ್ಕಳ ಖೋ ಖೋ ತಂಡಕ್ಕೆ ಬಸ್ ಚಾರ್ಜು ಹೊಂದಿಸಲು ಒದ್ದಾಡಿದವನಿಗೆ ಇದು ಹೊಸ ಕಥೆಯೇನಲ್ಲ. ಈ ವಿಷಯ ಎತ್ತಿದಾಗ ಮಾತ್ರ ನಮ್ಮ ಜಗುಲಿಯಲ್ಲಿ ನೀಲಿ, ಹಳದಿ ಎರಡೂ ಪಕ್ಷ ಒಂದಾಗುತ್ತವೆ.

ಇನ್ನೊಂದು ಅಸಮಾಧಾನ ನಮ್ಮವರ ಮೇಲೇ. ಕಂಠೀರವದ ಗಲಾಟೆಯ ಮಾರನೇ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅದು. ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಕಪ್ ಗೆದ್ದಿತು. ಹಿಂದಿನ ಸಲ ಗೆದ್ದದ್ದು 1968–69ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. ಅಂದರೆ 54 ವರ್ಷ. ರಿಯಾದ್ ಗೆಲುವಿನ ಹಿಂದಿನ ವರ್ಷ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ಇದೇ ಟ್ರೋಫಿಯ ಸೆಮಿಫೈನಲ್ಲಿನಲ್ಲಿ ಕೇರಳ ನಮ್ಮನ್ನು 7–3ರಿಂದ ಚಚ್ಚಿತ್ತು, ಟಿ.ಕೆ. ಜೆಸಿನ್ ಒಬ್ಬರೇ ಐದು ಗೋಲು ಹೊಡೆದಿದ್ದರು. ಅಷ್ಟು ಪೆಟ್ಟು ತಿಂದ ರಾಜ್ಯ ಒಂದೇ ವರ್ಷಕ್ಕೆ ದೇಶ ಗೆದ್ದಿತು. ರಿಯಾದ್‌ನಲ್ಲಿ ರಾಬಿನ್ ಯಾದವ್ ಹೊಡೆದ ಮೂರನೇ ಗೋಲು ಕೂಡ ನೇರ ಫ್ರೀ ಕಿಕ್ಕೇ, ಅದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಆದರೆ ಅವತ್ತು ನಮ್ಮ ಜನ ಮಾತಾಡುತ್ತಿದ್ದದ್ದು ಛೆಟ್ರಿಯ ಫ್ರೀ ಕಿಕ್ಕನ್ನೇ. ಕ್ಲಬ್ಬಿಗೆ ದುಡ್ಡಿದೆ, ಟಿವಿ ಇದೆ, ಎದುರಿಗೊಬ್ಬ ವೈರಿ ಇದ್ದಾನೆ. ಬೆಂಗಳೂರಿನ ಲೀಗುಗಳಲ್ಲಿ ಆಡಿ ರಾಜ್ಯ ತಂಡ ಸೇರುವ ಹುಡುಗರಿಗೆ ಮೂರೂ ಇಲ್ಲ. ಬೆಂಗಳೂರು ಎಫ್‌ಸಿಯ ಹನ್ನೊಂದರಲ್ಲಿ ಕನ್ನಡದ ಹುಡುಗರು ಅಪರೂಪ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಗಳು ಬೈದರೆ ಬೈಯಲಿ.

ಜಗಳ ಮುಂದುವರಿದಿದೆ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಲೀಗಿನ ಮೊದಲ ಪಂದ್ಯಕ್ಕೇ ಇವರಿಬ್ಬರನ್ನು ಕೊಚ್ಚಿಯಲ್ಲಿ ಎದುರುಬದುರು ನಿಲ್ಲಿಸಿದರು, ಕೇರಳ 2–1ರಿಂದ ಗೆದ್ದಿತು. ಅವತ್ತು ಬೇಲಿಯಾಚೆಯಿಂದ ನಮ್ಮ ಮನೆಗೆ ಪಾಯಸ ಬಂತು, ಕಾಳಜಿಯಿಂದಲ್ಲ, ಕೆಣಕಲಿಕ್ಕೆ. 2024ರ ಡಿಸೆಂಬರ್ 7ರಂದು ಕಂಠೀರವದಲ್ಲಿ 2–0 ಮುಂದಿದ್ದ ಬೆಂಗಳೂರನ್ನು ಕೇರಳ 2–2ಕ್ಕೆ ಎಳೆದು ತಂದಿತು. ಆಮೇಲೆ ಛೆಟ್ರಿ ಮತ್ತೆರಡು ಹೊಡೆದರು. 4–2. ಮೂರು ಗೋಲು ಅವರೊಬ್ಬರದೇ, ವಯಸ್ಸು ನಲವತ್ತು ದಾಟಿತ್ತು. ಆ ಸಲ ಪಾಯಸ ನಮ್ಮ ಮನೆಯಿಂದ ಹೋಯಿತು.

ಈ ಪಂದ್ಯ ನೋಡಬೇಕೆಂದಿದ್ದರೆ ಟಿವಿಯಲ್ಲಿ ಬೇಡ, ಒಮ್ಮೆ ಕಂಠೀರವಕ್ಕೇ ಹೋಗಿ. ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ, ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರವಾಗಿ ಕಾಣುತ್ತದೆ, ಮೇಲಿನ ಸಾಲಿನಲ್ಲಿ ಕೂತರೆ ಒಳ್ಳೆಯದು. ಗೋಲಿನ ಹತ್ತಿರ ಫ್ರೀ ಕಿಕ್ ಸಿಕ್ಕಿದಾಗ ಮೊಬೈಲ್ ಕೆಳಗಿಟ್ಟು ರೆಫರಿಯ ಕೈ ನೋಡಿ. ಕೈಯೆತ್ತಿ ವಿಸಿಲ್ ತೋರಿಸಿದರೆ ಎಲ್ಲರೂ ಕಾಯಬೇಕು. ತೋರಿಸದಿದ್ದರೆ ಚೆಂಡು ಯಾವ ಗಳಿಗೆಯಲ್ಲಾದರೂ ಹೊರಡಬಹುದು, ಅದು ನಿಯಮಬದ್ಧ.